ರೋಸ್ಮರಿ ತುತ್ತು

ಸೆಪ್ಟೆಂಬರ್ ಹದಿನೆಂಟು, ಬೆಳಿಗ್ಗೆ ಎಂಟು ಗಂಟೆ. ಯೆದ್ಲೊವಾ ಠಾಣೆಯ ಬಾಗಿಲಲ್ಲಿ ಮಂಜು ಇನ್ನೂ ತೂಕಡಿಸುತ್ತಿತ್ತು. ಬೇಟೆ ಸಂಘದ ಅಧ್ಯಕ್ಷ ಸಿರಿಲ್ ಅದನ್ನು ಸೀಳಿಕೊಂಡು ಒಳನುಗ್ಗಿದ.

“ನಮ್ಮ ಮುದಿ ಸಾರಂಗವನ್ನ ಯಾರೋ ಹೊಡೆದುಹಾಕಿದ್ದಾರೆ! ಅದನ್ನ ಬೇಟೆಯಾಡೋಕೆ ದುಡ್ಡು ಕಟ್ಟಿರೋ ವಿಯೆನ್ನಾದ ಅತಿಥಿ ಶುಕ್ರವಾರ ಬರ್ತಾನೆ. ಅವನ ಗೋಡೆಗೆ ಏನು ಕೊಡಲಿ, ನನ್ನ ತಲೇನಾ?”

“ಅದಕ್ಕೆ ಕೋಡಿಲ್ವಲ್ಲ,” ಎಂದು ಪೇದೆ ಔರೆಲ್ ಗೊಣಗಿದ.

ಇನ್ಸ್‌ಪೆಕ್ಟರ್ ವೆಂಡೆಲಿನ್ ನಗಲಿಲ್ಲ. ಎಫ್‌ಐಆರ್ ಬರೆದುಕೊಂಡು ಹುಲ್ಲುಗಾವಲಿಗೆ ಹೊರಟ. ಆ ಸಾರಂಗವನ್ನು ಅವನೂ ಬಲ್ಲ. ವಸಂತದಲ್ಲಿ ತೀರಿಕೊಂಡ ಅವನ ಗೆಳೆಯ ಬ್ಲಾಜೆಯ್ ವರ್ಷವರ್ಷವೂ ಅದಕ್ಕೆ ಗುರಿಯಿಟ್ಟು ನೋಡುತ್ತಿದ್ದ, ಗುಂಡು ಮಾತ್ರ ಹಾರಿಸುತ್ತಿರಲಿಲ್ಲ.

ಸಾರಂಗ ನಿದ್ದೆಹೋದಂತೆ ಮಲಗಿತ್ತು. ಕೋಡನ್ನಾಗಲಿ ಮಾಂಸವನ್ನಾಗಲಿ ಯಾರೂ ಮುಟ್ಟಿರಲಿಲ್ಲ. ಬಾಯಲ್ಲೊಂದು ಹಸಿರು ರೆಂಬೆ. ಬಿದ್ದ ಪ್ರಾಣಿಗೆ ಕೊನೆಯ ತುತ್ತೆಂದು ಬೇಟೆಗಾರರು ರೆಂಬೆ ಇಡುವುದುಂಟು, ಆದರೆ ಅದು ದೇವದಾರಿನದು. ಇದು ರೋಸ್ಮರಿ, ಮದುಮಗನ ಎದೆಗೆ ಸಿಕ್ಕಿಸುವಂಥದ್ದು.

ಮರದಡಿಯಲ್ಲಿ ಬಂದೂಕಿನ ದುರ್ಬೀನು, ಅದನ್ನು ಬಂದೂಕಿನ ಬೆನ್ನಿಗೆ ಕೂರಿಸುವ ಮೌಂಟ್ ಸಮೇತ ಬಿದ್ದಿತ್ತು. ಮೌಂಟ್‌ನ ಸಂದಿಯಲ್ಲಿ ಚರ್ಮದ ಚೂರು ತುರುಕಿತ್ತು, ದುರ್ಬೀನಿನ ಅಂಚಿಗೆ ರಕ್ತ ಅಂಟಿತ್ತು.

“ಬೇರೆ ಬಂದೂಕಿನ ಮೌಂಟ್. ಸಡಿಲಾಗಿದೆ ಅಂತ ಚರ್ಮ ತುರುಕಿದ್ದಾರೆ. ಗುಂಡಿನ ಒದೆತಕ್ಕೆ ಕಳಚಿ ಹೊಡೆದವರ ಹಣೆಗೇ ಬಡಿದಿದೆ,” ಎಂದ ವೆಂಡೆಲಿನ್. ಔರೆಲ್ ಪಂಚನಾಮೆ ಬರೆದ.

ಮಧ್ಯಾಹ್ನ ಸಂಘದವರೆಲ್ಲ ಬಂದೂಕು ಹೊತ್ತು ಠಾಣೆಗೆ ಬಂದರು. ಬಂದೂಕಿನ ಬೆನ್ನಿಗೂ ಮೌಂಟ್‌ಗೂ ಗಂಡಹೆಂಡಿರಂತೆ ಜೋಡಿ ಕೂಡಬೇಕು. ಒಂದರ ಮೇಲೆ ಅದು ಏರಲೇ ಇಲ್ಲ, ಇನ್ನೊಂದರ ಮೇಲೆ ಲೊಡಲೊಡ ಎಂದಿತು.

“ಹೊರಗಿನವನ ಕೆಲಸ ಅಂತ ನಾನು ಹೇಳ್ಲಿಲ್ವಾ?” ಎಂದ ಸಿರಿಲ್.

ಹಾಗೇ ಆಗಲಿ ಎಂದು ವೆಂಡೆಲಿನ್ ಒಳಗೊಳಗೇ ಹಾರೈಸಿದ. ಆದರೂ ಎಲ್ಲರೂ ಹೋದ ಮೇಲೆ ಠಾಣೆಯ ಕಪಾಟು ತೆರೆದ. ಬ್ಲಾಜೆಯ್ ಸತ್ತ ಮೇಲೆ ಕಾನೂನಿನಂತೆ ವೆಂಡೆಲಿನ್ನೇ ವಶಕ್ಕೆ ಪಡೆದ ಅವನ ಬಂದೂಕು ಅಲ್ಲಿತ್ತು. ಅದರ ಬೆನ್ನು ಹಿಂದೆ ಕಿರಿದು, ಮುಂದೆ ಅಗಲ. ಮೌಂಟ್ ಸರಿದು, ತನ್ನ ಮನೆಗೆ ಬಂದಂತೆ ಬಿಗಿಯಾಗಿ ಕೂತಿತು. ದುರ್ಬೀನು ಒಪ್ಪಿಸಬೇಕೆಂದು ಕಾನೂನಿಲ್ಲ. ಅದು ಬ್ಲಾಜೆಯ್‌ನ ಹೆಂಡತಿಯ ಬಳಿಯೇ ಉಳಿದಿತ್ತು. ವೆಂಡೆಲಿನ್ ಔರೆಲ್‌ನನ್ನು ಕರೆದುಕೊಂಡು ಅವಳ ಮನೆಗೆ ಹೊರಟ.

ಮಾರ್ಗಿತಾಳ ಮನೆ ಬಾಗಿಲಲ್ಲಿ ರೋಸ್ಮರಿ ಗಿಡ. ಒಂದು ರೆಂಬೆ ಮುರಿದಿತ್ತು. ಅವಳು ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಳು.

“ಅತ್ತಿಗೆ, ವಸ್ತ್ರ ಸ್ವಲ್ಪ ಸರಿಸಿ.”

ಹುಬ್ಬಿನ ಮೇಲೆ ಅರ್ಧಚಂದ್ರದಂಥ ಗಾಯ.

“ಬಂದೂಕು ಯಾರದು?”

“ನಮ್ಮಪ್ಪಂದು. ಅಟ್ಟದಲ್ಲಿತ್ತು.”

“ಯಾಕೆ ಹೀಗೆ ಮಾಡಿದ್ರಿ?”

“ಅದನ್ನ ಪರದೇಶಿಯ ಗೋಡೆಗೆ ಹೋಗೋಕೆ ಬಿಡಬೇಡ ಅಂತ ನಮ್ಮನೆಯವರು ಸಾಯೋ ಮುಂಚೆ ಹೇಳಿದ್ರು. ಓಡಿಸೋಕೆ ನೋಡ್ದೆ ವೆಂಡೆಲಿನ್, ತಟ್ಟೆ ಬಡಿದೆ. ಅದು ನನ್ನನ್ನೇ ನೋಡ್ತಾ ನಿಂತುಬಿಡ್ತು. ಶುಕ್ರವಾರ ಆ ಅತಿಥಿಯ ಗುಂಡಿಗೂ ಹಾಗೇ ನಿಲ್ತಿತ್ತು, ಅದಕ್ಕೇ ನಾನೇ ಹೊಡೆಯೋಣ ಅಂದ್ಕೊಂಡೆ. ಅವರ ದುರ್ಬೀನಿನಲ್ಲೇ ಅದನ್ನ ಕೊನೇ ಸಲ ನೋಡ್ಬೇಕು ಅನ್ನಿಸ್ತು. ಒಳಗೆ ಎಲ್ಲ ಮಂಜು, ಅದರ ನಡುವೆ ಅದು. ಅವರು ಪಕ್ಕದಲ್ಲೇ ಉಸಿರಾಡ್ತಿದ್ದ ಹಾಗಿತ್ತು.”

ಔರೆಲ್ ತಲೆ ತಗ್ಗಿಸಿ ಅಟ್ಟದಿಂದ ಬಂದೂಕು ಇಳಿಸಿದ. ಸಂಜೆ ಐದಕ್ಕೆ ಬಂಧನ. ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ವೆಂಡೆಲಿನ್ ಸಾರಂಗದ ಕೋಡನ್ನೂ ಸೇರಿಸಿದ. ಇನ್ನು ಅದು ಸರ್ಕಾರದ್ದು, ಯಾರ ಗೋಡೆಗೂ ಹೋಗದು.

ಜೀಪು ಹತ್ತುವಾಗ ಮಾರ್ಗಿತಾ ಕೇಳಿದಳು: “ಅವರಿದ್ದಿದ್ರೆ ಕೋಪ ಬರ್ತಿತ್ತಾ?”

“ಗುಂಡು ಹೊಡೆದಿದ್ದಕ್ಕೆ ಗೊತ್ತಿಲ್ಲ, ಅತ್ತಿಗೆ. ದೇವದಾರಿನ ಬದಲು ರೋಸ್ಮರಿ ಇಟ್ಟಿದ್ದಕ್ಕೆ ಮಾತ್ರ ಹೊಟ್ಟೆ ಹಿಡ್ಕೊಂಡು ನಗ್ತಿದ್ದ.”

ಅವಳು ನಕ್ಕಳು. ಆಮೇಲೆ ದಾರಿಯುದ್ದಕ್ಕೂ ಅತ್ತಳು.