ಅಂಗೈಯ ಮೇಲಿನ ಹೊಳಪು

"ಈ ಕೈ ನೋಡಿ... ಇದು ಹಕ್ಕಿ ಹಿಡಿದ ಕೈ ಅಲ್ಲ. ಹಕ್ಕಿ ಕೊಂದ ಕೈ!"

ಸಭಾಂಗಣದ ಬಿಳಿ ಪರದೆಯ ಮೇಲಿದ್ದ ಫೋಟೋಗೆ ಬೆರಳು ತೋರಿಸಿ ಅವನು ಹಾಗೆಂದಾಗ, ಮೂರನೆಯ ಸಾಲಿನಲ್ಲಿ ಕುಳಿತಿದ್ದ ಅವಳ ಎದೆ ಧಸಕ್ಕೆಂದಿತು.

ಒಂದು ವರ್ಷದಿಂದ ಮುಖ ನೋಡದೆಯೇ ಮನಸ್ಸು ಕೊಟ್ಟ ಮನುಷ್ಯ ಇವನೇ! ಇವತ್ತು ಮೊದಲ ಸಲ ಎದುರಿಗೆ ಸಿಗುತ್ತಾನೆಂದು ಕನ್ನಡಿಯ ಮುಂದೆ ಎಷ್ಟೋ ಹೊತ್ತು ನಿಂತು, 'ಸಾಕು ಬಿಡೇ, ಅತಿಯಾಯ್ತು' ಎಂದು ತನಗೆ ತಾನೇ ಬೈದುಕೊಂಡು ಬಂದಿದ್ದಳು.

ಆ ಫೋಟೋ ಅವಳದೇ. ಅದು ಅವನಿಗೆ ಗೊತ್ತಿಲ್ಲ.

'ಎಲೆಮರೆ' ಎಂಬುದು ಅಂತರ್ಜಾಲದ ಒಂದು ಬಳಗ. ಹಕ್ಕಿ, ಹುಳ, ಮರಗಿಡಗಳ ಫೋಟೋ ತೆಗೆಯುವವರು, ಚಿತ್ರ ಬರೆಯುವವರು ಅಲ್ಲಿ ಸೇರುತ್ತಾರೆ. ಯಾರಿಗೂ ನಿಜ ಹೆಸರಿಲ್ಲ. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಇವಳು ಅಲ್ಲಿ 'ಕನ್ನಡಕ'. ಹಕ್ಕಿಗಳ ಆಸ್ಪತ್ರೆಯ ಡಾಕ್ಟರಾದ ಅವನು 'ಪೆನ್ಸಿಲ್'. ಇವಳು ಬೆಳಿಗ್ಗೆ ಒಂದು ಫೋಟೋ ಹಾಕಿದರೆ, ಸಂಜೆಯೊಳಗೆ ಅದನ್ನೇ ಪೆನ್ಸಿಲ್ಲಿನಲ್ಲಿ ಬರೆದು ಕಳಿಸುತ್ತಿದ್ದ. ಅವರ ಪ್ರೀತಿಯೆಲ್ಲ ಅಷ್ಟೇ. ಅಷ್ಟರಲ್ಲೇ ಎಲ್ಲವೂ ಇತ್ತು.

ಬಳಗ ವರ್ಷಕ್ಕೊಮ್ಮೆ ಮುಖಾಮುಖಿ ಸೇರಿದಾಗ ಒಂದು ರೂಢಿ. ಬಳಗದ ಪುಟದಲ್ಲಿ ಇನ್ನೂ ಹಾಕದ ಹೊಸ ಚಿತ್ರಗಳನ್ನು ಹೆಸರಿಲ್ಲದೆ ತೋರಿಸುತ್ತಾರೆ. ಎಲ್ಲರೂ ಮುಲಾಜಿಲ್ಲದೆ ಮಾತಾಡಿದ ಮೇಲೆ, ತೆಗೆದವರು ಎದ್ದು ನಿಲ್ಲಬೇಕು.

'ನಾನು ಪೆನ್ಸಿಲ್' ಎಂದೇ ಮಾತು ಶುರು ಮಾಡಿದ್ದ ಅವನು ಪರದೆಯ ಮೇಲಿನ ಫೋಟೋವನ್ನು ದೊಡ್ಡದು ಮಾಡಿದ. ಮುದಿ ಅಂಗೈಯೊಂದರ ಮೇಲೆ ಕುಳಿತ ಪುಟ್ಟ ಹಕ್ಕಿ. ಅದರ ಕಾಲಬುಡದಲ್ಲಿ ನುಣ್ಣಗೆ ಏನೋ ಹೊಳೆಯುತ್ತಿತ್ತು.

"ಕಾಣ್ತಿದೆಯಾ? ಅಂಟು! ಹೋದ ವಾರ ಇಂಥದ್ದೇ ಒಂದು ಮರಿ ನನ್ನ ಮೇಜಿನ ಮೇಲೆ ಪ್ರಾಣ ಬಿಡ್ತು. ಅಲ್ಲಾಡದೆ ಕೂತಿರಲಿ ಅಂತ ಯಾರೋ ಫೋಟೋಗೋಸ್ಕರ ಕೊಂಬೆಗೆ ಅಂಟಿಸಿದ್ರು. ಬಿಡಿಸ್ಕೊಳ್ಳೋಕೆ ಒದ್ದಾಡಿ ಒದ್ದಾಡಿ ಕಾಲೇ ಕಿತ್ತು ಬಂದಿತ್ತು..." ಅವನು ಮತ್ತೆ ಪರದೆಯತ್ತ ಬೆರಳು ತೋರಿಸಿದ. "ಇದನ್ನ ತೆಗೆದವರು ಮನುಷ್ಯರೇ ಅಲ್ಲ!"

ಬಳಗ ನಡೆಸುವ ನಿವೃತ್ತ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ತೆಗೆದವರು ಎದ್ದು ನಿಲ್ಲಿ."

ಅವಳು ಎದ್ದಳು.

"ನಾನು... ಕನ್ನಡಕ."

ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ನೀವಾ?"

"ಅದು ಅಂಟಲ್ಲ, ಡಾಕ್ಟ್ರೇ."

"ಹಾಗಾದ್ರೆ ಏನು? ಹೇಳಿ... ದಯವಿಟ್ಟು ಹೇಳಿ."

ಅವಳು ಪರದೆಯ ಮೇಲಿನ ಅಂಗೈಯನ್ನೊಮ್ಮೆ ನೋಡಿದಳು.

"ಹೇಳೋಕಾಗಲ್ಲ."

"ಅದರಲ್ಲೇನು ಕಷ್ಟ ಕಣಮ್ಮ?" ಎಂದರು ಮೇಷ್ಟ್ರು. "ಅದೇ ಕೈಯ ಇನ್ನೊಂದು ಫೋಟೋ ಹಾಕಿಬಿಡು. ಎಲ್ಲರ ಅನುಮಾನನೂ ಹೋಗತ್ತೆ."

"ಆಗಲ್ಲ ಸರ್."

ಹಿಂದಿನ ಸಾಲಿನಿಂದ ಯಾರೋ 'ಥೂ' ಎಂದರು. ಅವಳು ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಅವನು ಕರೆಯುತ್ತಾನೇನೋ ಎಂದು ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಅವನು ಕರೆಯಲಿಲ್ಲ.

ಆ ಕೈ ಅವಳ ಅಜ್ಜಿಯದು.

ಅಜ್ಜಿ ಜೀವಮಾನವಿಡೀ ಇಸ್ತ್ರಿ ಅಂಗಡಿ ನಡೆಸಿದವಳು. ಅವಳ ಎಡಗೈಯಲ್ಲಿ ಯಾವಾಗಲೂ ಮಡಿಚಿದ ಕರವಸ್ತ್ರವೊಂದು ಇರುತ್ತಿತ್ತು. ಇಸ್ತ್ರಿ ಮಾಡುವಾಗ ಮಾತ್ರ ಅದನ್ನು ಪಕ್ಕಕ್ಕಿಟ್ಟು, ಆ ಕೈಯಿಂದ ಬಟ್ಟೆಯ ಸುಕ್ಕು ಸವರುತ್ತಿದ್ದಳು. ಆಗ ಅಂಗೈ ಬಟ್ಟೆಗೆ ಅಂಟಿಕೊಂಡಿರುತ್ತಿತ್ತಲ್ಲ, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಗಿರಾಕಿಯೊಬ್ಬನ ಮಾತಿಗೆ ನಕ್ಕಳೆಂದು ಕಟ್ಟಿಕೊಂಡ ಗಂಡನೇ ಕೆಂಡದಂಥ ಇಸ್ತ್ರಿಪೆಟ್ಟಿಗೆಯನ್ನು ಆ ಅಂಗೈಗೆ ಒತ್ತಿದ್ದ. ಚರ್ಮ ವಾಸಿಯಾದಾಗ ಪೆಟ್ಟಿಗೆಯ ಮೂತಿಯ ಆಕಾರದಲ್ಲೇ ನುಣ್ಣಗೆ ಹೊಳೆಯುವ ಕಲೆಯಾಗಿ ಉಳಿಯಿತು.

ಇದನ್ನು ಅಜ್ಜಿ ಹೇಳಿದ್ದು ಮೊಮ್ಮಗಳೊಬ್ಬಳಿಗೇ. ಹೆತ್ತ ಮಗಳಿಗೂ ಹೇಳಿರಲಿಲ್ಲ. 'ನಿಮ್ಮಮ್ಮ ಅವಳಪ್ಪನ್ನ ದೇವರು ಅನ್ಕೊಂಡಿದ್ದಾಳೆ ಕಣೇ. ಇನ್ನು ಈ ವಯಸ್ಸಲ್ಲಿ ಅವಳ ದೇವರನ್ನ ಕಿತ್ಕೊಂಡು ನಾನೇನು ಮಾಡ್ಲಿ?' ಅನ್ನುತ್ತಿದ್ದಳು.

ಆವತ್ತು ಕಿಟಕಿಯ ಗಾಜಿಗೆ ಬಡಿದು ಕೆಳಗೆ ಬಿದ್ದ ಹಕ್ಕಿಯನ್ನು ಕಂಡು ಅಜ್ಜಿ ಕರವಸ್ತ್ರ ಎಸೆದು ಓಡಿದ್ದಳು. ಮಂಕಾಗಿದ್ದ ಹಕ್ಕಿ ಅವಳ ಅಂಗೈಯಲ್ಲಿ ಕುಳಿತು, ಕಣ್ಣು ಪಿಳಿಪಿಳಿ ಬಿಟ್ಟು, ಆಮೇಲೆ ಪುರ್ರನೆ ಹಾರಿಹೋಗಿತ್ತು.

"ಅಜ್ಜೀ, ಎಂಥಾ ಫೋಟೋ ಬಂದಿದೆ ಗೊತ್ತಾ! ಬಳಗಕ್ಕೆ ಕಳಿಸ್ಲಾ?"

"ಕಳಿಸು. ಕೈ ಯಾರದ್ದು ಅಂತ ಮಾತ್ರ ಬಾಯಿ ಬಿಡಬೇಡ. ನಿಮ್ಮಮ್ಮನೂ ದಿನಾ ಅಲ್ಲಿ ಇಣುಕ್ತಾಳೆ." ಫೋಟೋ ನೋಡಿ ಅಜ್ಜಿ ಮಗುವಿನಂತೆ ನಕ್ಕಿದ್ದಳು. "ನನ್ನ ಕೈ ಮೇಲೂ ಹಕ್ಕಿ ಕೂತ್ಕೊಳ್ತಲ್ಲೇ!"

ಹಕ್ಕಿಯ ಕಣ್ಣು ಚೆನ್ನಾಗಿ ಕಾಣಲೆಂದು ಇವಳೇ ಫೋಟೋದ ಬೆಳಕನ್ನು ತುಸು ಏರಿಸಿದ್ದಳು. ಅದರ ಜೊತೆಗೆ ಕಲೆಯೂ ಹೊಳೆಯಿತು. ಇನ್ನೊಂದು ಫೋಟೋ ಹಾಕಿದರೆ ಇಸ್ತ್ರಿಪೆಟ್ಟಿಗೆಯ ಮೂತಿ ಇಡಿಯಾಗಿ ಕಾಣುತ್ತಿತ್ತು. ಆ ಅಂಗಡಿಯಲ್ಲೇ ಬೆಳೆದ ಅಮ್ಮನಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಸಂಜೆಯ ಹೊತ್ತಿಗೆ, ಹೆಸರಿನೊಂದಿಗೆ ಬಳಗದ ಪುಟಕ್ಕೆ ಬಂದ ಆ ಫೋಟೋದ ಕೆಳಗೆ ಬೈಗುಳದ ಸುರಿಮಳೆ.

'ಲೈಕಿಗೋಸ್ಕರ ಹೆತ್ತ ಮಗೂನೂ ಅಂಟಿಸ್ತಾಳೆ ಇವಳು.'

'ಮುಖ ನೋಡಿದ್ರೆ ಏನೂ ಗೊತ್ತಿಲ್ಲದವಳ ಥರ ಇದ್ಳು!'

ಬೇರೆ ಊರಿನಲ್ಲಿದ್ದ ಅಮ್ಮನ ಸಂದೇಶವೂ ಬಂತು. 'ಯಾರ ಕೈಯೇ ಅದು? ನಿಮ್ಮ ತಾತ ಎಂಥಾ ಮರ್ಯಾದಸ್ಥರು! ಅವರ ಮನೆತನದಲ್ಲಿ ಹುಟ್ಟಿ ಇಂಥ ಕೆಲಸನಾ?'

ಓದಿ ಅವಳು ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ.

ಕೊನೆಗೆ ಅವನದು ಬಂತು. 'ಒಂದೇ ಒಂದು ಮಾತು ಹೇಳಿ. ನಂಬ್ತೀನಿ.'

ಟೈಪ್ ಮಾಡಿದಳು... ಅಳಿಸಿದಳು... ಮತ್ತೆ ಮಾಡಿದಳು. ಹೇಳಿಬಿಡಲೇ? ಒಬ್ಬನಿಗೇ ತಾನೇ? ಆದರೆ ಅದು ತನ್ನ ಗುಟ್ಟಾಗಿದ್ದರೆ ಹೇಳಬಹುದಿತ್ತು. 'ನಂಬೋದಾದ್ರೆ ಹಾಗೇ ನಂಬಿ' ಎಂದಷ್ಟೇ ಕಳಿಸಿದಳು.

ಉತ್ತರ ಬಹಳ ಹೊತ್ತಿನ ಮೇಲೆ ಬಂತು. 'ಸತ್ತ ಮರಿಯ ಮುಖ ಕಣ್ಣಿಂದ ಹೋಗ್ತಿಲ್ಲ. ನನ್ನ ಚಿತ್ರಗಳನ್ನೆಲ್ಲ ಅಳಿಸಿಬಿಡಿ. ನಿಮ್ಮ ಹತ್ರ ಅವು ಇರೋದು ಬೇಡ.'

ಮರುದಿನ ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಮಸೂರ ಬದಲಿಸುತ್ತಾ "ಇದು ಚೆನ್ನಾಗಿ ಕಾಣತ್ತಾ, ಅದಾ?" ಎಂದು ಕೇಳುವಾಗ ಅವಳ ಕಣ್ಣೇ ಮಂಜಾಗುತ್ತಿತ್ತು. 'ಅಷ್ಟು ದೊಡ್ಡದು ಮಾಡಿ ನೋಡಿದಿರಲ್ಲ ಡಾಕ್ಟ್ರೇ... ನನ್ನನ್ನ ಒಂದು ಸಲನಾದ್ರೂ ನೋಡಿದ್ರಾ?'

ಮನೆಗೆ ಬಂದಾಗ ಅಜ್ಜಿಯ ತೊಡೆಯ ಮೇಲೆ ಟ್ಯಾಬ್ ಇತ್ತು. ಅಜ್ಜಿಗೆ ಕಾಣಲೆಂದು ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟವಳು ಇವಳೇ.

"ಅಜ್ಜೀ, ಕೊಡು ಇಲ್ಲಿ! ಓದಬೇಡ ಅದನ್ನ!"

"ಓದಿ ಆಯ್ತು ಕೂಸೇ." ಅಜ್ಜಿ ಒಂದು ಸಾಲಿನ ಕೆಳಗೆ ಬೆರಳಿಟ್ಟಳು. 'ಆ ಕೈ ಸೇದಿಹೋಗಲಿ.' "ನಿಮ್ಮ ತಾತನೂ ಆವತ್ತು ಇದೇ ಮಾತು ಅಂದಿದ್ರು."

ಆ ಸಾಲನ್ನು ಮೆಚ್ಚಿದವರ ಹೆಸರುಗಳಲ್ಲಿ ಒಂದು ಹೆಸರು ಅವಳ ಕಣ್ಣಿಗೆ ಚುಚ್ಚಿತು. ಪೆನ್ಸಿಲ್.

ಅಜ್ಜಿಯ ಎಡಗೈ ಮತ್ತೆ ಕರವಸ್ತ್ರ ಹಿಡಿದು ಬಿಗಿಯಾಗಿ ಮುಚ್ಚಿಕೊಂಡಿತ್ತು. ಊಟಕ್ಕೆ ಕುಳಿತಾಗಲೂ ಅದು ಬಿಚ್ಚಲಿಲ್ಲ. ಮೂಲೆಯಲ್ಲಿದ್ದ ಇಸ್ತ್ರಿಮೇಜಿನ ಕಡೆಗೂ ಅಜ್ಜಿ ಆಮೇಲೆ ಹೋಗಲಿಲ್ಲ. ಸುಮ್ಮನೆ ಕೂರಲಾಗದೆ ಅಕ್ಕಪಕ್ಕದವರ ಬಟ್ಟೆಗೂ ಇಸ್ತ್ರಿ ಹಾಕಿಕೊಡುತ್ತಿದ್ದ ಜೀವ ಅದು!

ಆ ದಿನವೇ ಅವಳು ಅವನ ಚಿತ್ರಗಳನ್ನೆಲ್ಲ ಅಳಿಸಿದಳು. ಒಂದೊಂದನ್ನೂ ನೋಡಿ, ಒಂದೊಂದಕ್ಕೂ ಅತ್ತು, ಅಳಿಸಿದಳು.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಮನೆಗೆ ಬಂದರೆ ಅಜ್ಜಿ ಇಲ್ಲ! ಅವಳು ಬೀದಿಗೆ ಓಡುವಷ್ಟರಲ್ಲಿ ಕಾರೊಂದು ಬಂದು ನಿಂತಿತು. ಮೊದಲು ಇಳಿದವನು ಅವನು. ಆಚೆ ಬದಿಯ ಬಾಗಿಲು ತೆಗೆದು ಅಜ್ಜಿಯನ್ನು ಮೆಲ್ಲಗೆ ಇಳಿಸಿದ. ಅವನ ಕಣ್ಣು ಕೆಂಪಗಿತ್ತು.

"ಗಾಯಗೊಂಡ ಹಕ್ಕಿ ತನ್ನಿ ಅಂತ ಬಳಗದಲ್ಲೇ ಆಸ್ಪತ್ರೆ ವಿಳಾಸ ಹಾಕಿದ್ದಾನಲ್ಲ," ಎಂದಳು ಅಜ್ಜಿ ಏನೂ ಆಗದವಳಂತೆ. "ನಾನೇ ಹೋಗಿ ತೋರಿಸಿ ಬಂದೆ. ಡಾಕ್ಟರಂತೆ! ಕೋಟು ಇಸ್ತ್ರಿ ಮುಖ ಕಂಡೇ ಇಲ್ಲ." ಮೊಮ್ಮಗಳ ಕೆನ್ನೆ ತಟ್ಟಿ ಒಳಗೆ ಹೋದಳು. ಕರವಸ್ತ್ರ ಕೈಯಲ್ಲೇ ಇತ್ತು.

"ನನ್ನನ್ನ..." ಅವನು ಹೊಸ್ತಿಲವರೆಗೆ ಬಂದು ನಿಂತ. "ಕ್ಷಮಿಸಿ ಅಂತ ಕೇಳೋ ಯೋಗ್ಯತೆನೂ ನಂಗಿಲ್ಲ."

ಅವಳು ಅಳಲಿಲ್ಲ. ಅಳುವೆಲ್ಲ ಎಂದೋ ಮುಗಿದಿತ್ತು.

"ಯಾರಿಗೂ ತೋರಿಸದ ಕೈನ ಬಿಚ್ಚಿ ತೋರಿಸಿದ ಮೇಲೆ ನಂಬಿಕೆ ಬಂತಾ? ಸಂತೋಷ. ಹೋಗಿ ಬಳಗಕ್ಕೂ ಹೇಳಿಬಿಡಿ, 'ಅಂಟಲ್ಲ, ಸುಟ್ಟ ಗಾಯ' ಅಂತ. ಎಲ್ಲರೂ ಅಯ್ಯೋ ಪಾಪ ಅಂತಾರೆ. ನಿಮ್ಮ ಹೆಸರೂ ಉಳಿಯತ್ತೆ!"

"ಕನ್ನಡಕ, ನಾನು..."

ಅವಳು ಬಾಗಿಲು ಹಾಕಿದಳು.

ಮರುದಿನ ಬಳಗದಲ್ಲಿ ಅವನ ಬರಹವಿತ್ತು.

'ಆ ಫೋಟೋದಲ್ಲಿ ಅಂಟಿರಲಿಲ್ಲ. ಆ ಹಕ್ಕಿಯನ್ನು ಬದುಕಿಸಿದ ಕೈ ಅದು. ತಪ್ಪು ಪೂರ್ತಿ ನನ್ನದು.'

ಮೇಷ್ಟ್ರು ಕೇಳಿದ್ದರು. 'ಹಾಗಾದರೆ ಆ ಹೊಳಪು ಏನಪ್ಪಾ?'

ಅದರ ಕೆಳಗೆ ಅವನ ಉತ್ತರ. 'ಹೇಳೋಕಾಗಲ್ಲ ಸರ್.'

ಅದು ಅವಳದೇ ಮಾತು!

ನಿನ್ನೆಯವರೆಗೆ ಅವನನ್ನು ಹೊತ್ತು ಮೆರೆಸಿದ ಬಳಗ ಆ ಸಂಜೆಯೇ ಅವನ ಮೇಲೆ ಮುಗಿಬಿತ್ತು. 'ಹುಡುಗಿ ಬುಟ್ಟಿಗೆ ಹಾಕ್ಕೊಂಡ್ಳು.' 'ಇವನ ಆಸ್ಪತ್ರೆಗೆ ಇನ್ಮೇಲೆ ಹಕ್ಕಿ ಕೊಡಬೇಡಿ.' ಅವನು ಯಾರಿಗೂ ತಿರುಗಿ ಬೈಯಲಿಲ್ಲ. ಪ್ರತಿಯೊಬ್ಬರಿಗೂ ಅದೇ ಉತ್ತರ. 'ತಪ್ಪು ನನ್ನದು. ಕಾರಣ ಹೇಳೋಕಾಗಲ್ಲ.' ಕೊನೆಗೆ ಆ ಕೈಗೆ ಶಾಪ ಹಾಕಿದ್ದವರೇ ಅವನಿಗೂ ಬರೆದರು. 'ನಿನ್ನ ಕೈಯೂ ಸೇದಿಹೋಗಲಿ.'

ಮರುದಿನ ಅವನನ್ನು ಬಳಗದಿಂದ ತೆಗೆದುಹಾಕಿದರು.

'ಒಂದು ಮಾತು ಹೇಳಿದ್ರೆ ಉಳ್ಕೊಳ್ತಿದ್ರಲ್ಲ! ಯಾಕೆ ಹೇಳಲಿಲ್ಲ?' ಎಂದುಕೊಂಡಳು. ಯಾಕೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು!

ಅವಳು ಹಕ್ಕಿಗಳ ಆಸ್ಪತ್ರೆಗೆ ಹೊರಟು ನಿಂತಾಗ ಅಜ್ಜಿ ಒಳಗಿನಿಂದಲೇ ಕೂಗಿ ಒಂದು ಕೆಲಸ ಹೇಳಿದಳು.

ಆಸ್ಪತ್ರೆಯ ಕೋಣೆಯಲ್ಲಿ ಔಷಧಿಯ ವಾಸನೆ, ಬಲೆ ಹೊದಿಸಿದ ಪೆಟ್ಟಿಗೆಗಳು. ಹೆಚ್ಚಿನವು ಖಾಲಿ. ಅವನು ಮೇಜಿನ ಮೇಲೆ ಬಗ್ಗಿ ಏನನ್ನೋ ಬರೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

ಕಾಗದದ ಮೇಲೆ ಅದೇ ಹಕ್ಕಿ, ಅದೇ ಬೆರಳುಗಳು. ಅಂಗೈ ಇರಬೇಕಾದ ಜಾಗ ಮಾತ್ರ ಬಿಳಿ.

"ಇದ್ಯಾಕೆ ಖಾಲಿ ಬಿಟ್ಟಿದ್ದೀರಿ?"

"ಅದು ಅಜ್ಜಿದು. ನಾನು ಬರೆಯೋ ಹಾಗಿಲ್ಲ." ಅವನು ತಲೆ ತಗ್ಗಿಸಿ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. "ಆ ಹಾಳು ಮಾತಿಗೆ ಇದೇ ಬೆರಳಲ್ಲಿ ಮೆಚ್ಚುಗೆ ಒತ್ತಿದ್ದೆ. ಅಜ್ಜಿಗೆ ಅದೂ ಗೊತ್ತಿತ್ತು. ಆದ್ರೂ ಬಂದ್ರು. ಬಂದು, 'ನಮ್ಮ ಹುಡುಗಿ ಸುಳ್ಳು ಹೇಳಲ್ಲ ಕಣಪ್ಪಾ' ಅಂದ್ರು... ನಾನು ಹೇಳಬೇಕಾಗಿದ್ದ ಮಾತು ಅದು."

"ಹೌದು. ನೀವು ಹೇಳಬೇಕಾಗಿತ್ತು."

"ಅಜ್ಜಿ ಆ ಕರವಸ್ತ್ರ ಬಿಟ್ರಾ?"

"ಇಲ್ಲ."

ಅವನ ಕಣ್ಣಂಚಿನಲ್ಲಿ ನಿಂತಿದ್ದ ನೀರು ಕೆನ್ನೆಗಿಳಿಯಿತು. ಅವಳಿಗೆ ಒರೆಸಬೇಕೆನಿಸಿತು. ಒರೆಸಲಿಲ್ಲ.

"ನಿಮ್ಮನ್ನ ನಾನಿನ್ನೂ ಕ್ಷಮಿಸಿಲ್ಲ ಡಾಕ್ಟ್ರೇ. ಬೇಗ ಕ್ಷಮಿಸ್ತೀನಿ ಅಂತಲೂ ಅನ್ಕೋಬೇಡಿ. ಆದ್ರೆ..." ಅವಳು ಕಾಗದದ ಮೇಲಿನ ಹಕ್ಕಿಯತ್ತ ತಿರುಗಿದಳು. "ನಿಮ್ಮನ್ನ ಪ್ರೀತಿ ಮಾಡೋದು ನಿಲ್ಸೋಕೆ ತುಂಬಾ ಪ್ರಯತ್ನಪಟ್ಟೆ. ಅದೂ ಆಗ್ಲಿಲ್ಲ!"

ಅವನು ಅವಳತ್ತ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತ. ಅವಳು ಕೈ ಚಾಚಿದಳು.

"ಕೋಟು ಬಿಚ್ಚಿ ಕೊಡಿ."

"ಕೋಟಾ? ಯಾಕೆ?"

"ಅಜ್ಜಿ ತರೋಕೆ ಹೇಳಿದ್ದಾರೆ. ಅದರ ಸುಕ್ಕು ನೋಡಿದಾಗಿನಿಂದ ಅವರಿಗೆ ನಿದ್ದೆ ಬಂದಿಲ್ವಂತೆ."

ಅವನು ಗೊಂದಲದಲ್ಲೇ ಕೋಟು ಬಿಚ್ಚಿ ಕೊಟ್ಟ. ಅವಳು ಅದನ್ನು ಎದೆಗೊತ್ತಿಕೊಂಡಳು.

"ಇಸ್ತ್ರಿ ಮಾಡೋಕೆ ಎರಡೂ ಕೈ ಬೇಕು," ಎಂದಳು ಮೆಲ್ಲಗೆ.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. ಈ ಸಲ ಅವಳು ತಡೆದುಕೊಳ್ಳಲಿಲ್ಲ. ಹತ್ತಿರ ಹೋಗಿ ಅವನ ಕೈಗಳನ್ನು ಮುಖದಿಂದ ಬಿಡಿಸಿ ಹಿಡಿದುಕೊಂಡಳು.

"ಕೋಟು ಇಸ್ಕೊಳ್ಳೋಕೆ ನಾಳೆ ಮನೆಗೆ ಬರ್ಲಾ?"

"ಬನ್ನಿ."

"ಬಾಗಿಲು ಹಾಕ್ತೀರಾ?"

"ಹಾಕ್ತೀನಿ," ಎಂದಳು ಅವಳು, ಕಣ್ಣೀರಿನ ನಡುವೆಯೇ ನಕ್ಕು. "ನೀವು ಒಳಗೆ ಬಂದ ಮೇಲೆ."