ಇಡ್ಲಿ ತಟ್ಟೆಯಲ್ಲಿ ಜಾವಾ ಎಂಜಿನ್

“ಇದು ಹನ್ನೊಂದನೇ ಗುಳಿಯೊಳಕ್ಕೆ,” ಎನ್ನುತ್ತ ಅನು ಎಣ್ಣೆ ಮೆತ್ತಿದ ನಟ್ಟೊಂದನ್ನು ಇಡ್ಲಿ ತಟ್ಟೆಗೆ ಹಾಕಿದಳು.

ಕೊಟ್ಟಿಗೆಯಲ್ಲಿ ಅವಳ ಚಿಕ್ಕಪ್ಪ ಚಲುವರಾಜು ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವನ ಮುಂದೆ ತಾತನ ಹಳೇ ಜಾವಾ ಬೈಕು ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಚಿಕ್ಕಪ್ಪನ ಮೈಗೆ ಎಷ್ಟು ಗ್ರೀಸ್ ಅಂಟಿತ್ತೆಂದರೆ, ಹಿಂಡಿದ್ದರೆ ಪಾಂಡವಪುರದ ಅಷ್ಟೂ ಕಬ್ಬಿನ ಲಾರಿಗಳಿಗೆ ಸವರಿ ಇನ್ನೊಂದು ಡಬ್ಬ ಮಿಗುತ್ತಿತ್ತು.

ಈ ಜಾವಾ ಅಂತಿಂಥ ಬೈಕಲ್ಲ. ಓಡುತ್ತಿದ್ದ ಕಾಲದಲ್ಲಿ ಇದರ ಸದ್ದಿಗೆ ನಾಗಮಂಗಲದ ಮನೆಗಳ ಹೆಂಚು ಜಾರುತ್ತಿದ್ದವು. ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡಾಗಿ ಹರಿದದ್ದೇ ಇದಕ್ಕೆ ದಾರಿ ಬಿಡಲೆಂದು. ಅನುಮಾನವಿದ್ದವರು ತಾತ ಮಂಚಯ್ಯನವರನ್ನು ಕೇಳಬಹುದು, ಅವರು ಇನ್ನೂ ಎರಡು ಸೇರಿಸಿ ಹೇಳುತ್ತಾರೆ.

ಆದರೆ ಎಂಟು ವರ್ಷದಿಂದ ಬೈಕು ಕೆಮ್ಮಿಯೂ ಇರಲಿಲ್ಲ. ಪ್ರತಿ ಆಯುಧಪೂಜೆಗೂ ಚಕ್ರಗಳ ಅಡಿಗೆ ನಿಂಬೆಹಣ್ಣು ಇಡುವುದು, ಮನೆಯವರೆಲ್ಲ ಹಿಂದಿನಿಂದ ತಳ್ಳುವುದು, ಹಣ್ಣು ಪಚಕ್ ಅನ್ನುವುದು, ಬೈಕು ಮತ್ತೆ ಕೊಟ್ಟಿಗೆ ಸೇರುವುದು. ಇಷ್ಟೇ ಅದರ ವರ್ಷದ ಪ್ರಯಾಣ.

ಈ ಸಲ ತಾತನಿಗೆ ಸಾಕಾಗಿಹೋಗಿತ್ತು. ಬೈಕು ತಾನಾಗಿಯೇ ನಿಂಬೆಹಣ್ಣು ದಾಟಿದರೆ ಸರಿ, ಇಲ್ಲದಿದ್ದರೆ ಹೊತ್ತುಕೊಂಡು ಹೋಗು ಎಂದು ಗುಜರಿ ದಾಸಯ್ಯನಿಗೆ ಮಾತು ಕೊಟ್ಟು, ಕೆ.ಆರ್. ಪೇಟೆಯ ಮಗಳ ಮನೆಗೆ ಹೋಗಿದ್ದರು. ಅನುವಿಗೆ ಅವತ್ತಿನಿಂದ ಗಂಟಲಲ್ಲಿ ಮುದ್ದೆ ಇಳಿದಿರಲಿಲ್ಲ. ಅವಳು ಹದಿನಾರರವರೆಗೆ ಮಗ್ಗಿ ಕಲಿತದ್ದು ಆ ಬೈಕಿನ ಸೀಟಿನ ಮೇಲೆ ಕೂತು.

“ಇಂತವು ನೂರು ಎಂಜಿನ್ ಬಿಚ್ಚಿವ್ನಿ ಕಣವ್ವ, ಅದೂ ಕಣ್ಣು ಮುಚ್ಕಂಡು,” ಎಂದಿದ್ದ ಚಿಕ್ಕಪ್ಪ. ಅನು ಕಂಡಂತೆ ಅವನು ಬಿಚ್ಚಿದ್ದು ಒಂದೇ ಒಂದು ಟಾರ್ಚು. ಅದು ಇವತ್ತಿಗೂ ಉರಿದಿಲ್ಲ.

ಅದಕ್ಕೇ ಅವಳು ಇಡ್ಲಿ ತಟ್ಟೆಗಳನ್ನು ತಂದಿದ್ದಳು. ಬಿಚ್ಚಿದ್ದನ್ನೆಲ್ಲ ಗುಳಿಗೆ ಒಂದರಂತೆ ಇಡುವುದು, ಆಮೇಲೆ ಕೊನೆಯ ಗುಳಿಯಿಂದ ಹಿಂದಕ್ಕೆ ಜೋಡಿಸುತ್ತ ಬರುವುದು.

ಪಿಸ್ಟನ್ ಹೊರಗೆ ಬಂತು. ಅದರೊಳಗೆ ಅಡ್ಡಲಾಗಿ ಒಂದು ಪಿನ್ನು. ಪಿನ್ನಿನ ಒಂದು ತುದಿಗೆ, ಅದು ಜಾರದ ಹಾಗೆ, ಬಾಯಿ ಬಿಟ್ಟ ಪುಟ್ಟ ತಂತಿ ಉಂಗುರ. ಇನ್ನೊಂದು ತುದಿಯಲ್ಲೂ ಅಂಥದೇ ಕಚ್ಚು ಇತ್ತು, ಆದರೆ ಉಂಗುರ ಇರಲಿಲ್ಲ.

“ಈ ಕಡೆ ಯಾಕಿಲ್ಲ ಚಿಕ್ಕಪ್ಪ?”

“ಕಂಪನಿಯೋರು ಮಡಗೋದೇ ಒಂದು,” ಎಂದ ಚಿಕ್ಕಪ್ಪ, ಕಂಪನಿಯವರು ತನ್ನನ್ನೇ ಕೇಳಿ ಮಾಡಿದ್ದರೇನೋ ಎಂಬಂತೆ.

ಮಾರನೆಯ ದಿನ, ಅಂದರೆ ಹಬ್ಬದ ಹಿಂದಿನ ದಿನ ಬೆಳಿಗ್ಗೆ, ಕೊಟ್ಟಿಗೆಯಲ್ಲಿ ಇಡ್ಲಿ ತಟ್ಟೆಗಳೇ ಇರಲಿಲ್ಲ. ಅನು ಹಿತ್ತಲಿಗೆ ಓಡಿದಳು. ಅಜ್ಜಿ ಸೋಮಮ್ಮ ತಟ್ಟೆಗಳನ್ನು ತೊಳೆದು ಬೋರಲು ಹಾಕಿದ್ದಳು. ಪಕ್ಕದ ಮೊರದಲ್ಲಿ ಎಂಜಿನ್ನಿನ ಅಷ್ಟೂ ಸಾಮಾನು ಒಂದೇ ಗುಡ್ಡೆಯಾಗಿ ಹೊಳೆಯುತ್ತಿತ್ತು.

“ನಾಳೆ ಕಬ್ಬಿಣಕ್ಕೆಲ್ಲ ಪೂಜೆ ಅಲ್ವಾ, ಅದ್ಕೆ ಹುಣಸೆಹಣ್ಣು ಹಾಕಿ ಉಜ್ಜಿವ್ನಿ. ಇಡ್ಲಿ ತಟ್ಟೇಲಿ ಅಂತಾ ಕೊಳೆ ಮಡಗ್ತಾರಾ?” ಎಂದಳು ಅಜ್ಜಿ.

ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು, ಬಾಯಿ ಮಾತ್ರ ಬಿಳಿಚಲಿಲ್ಲ. ತನಗೆ ಗುಳಿ ಗಿಳಿ ಏನೂ ಬೇಕಿಲ್ಲ, ಕೈಗೇ ಎಲ್ಲ ಗೊತ್ತಿದೆ ಎಂದ. ಸಂಜೆಯವರೆಗೆ ಜೋಡಿಸಿದ, ಕಳಚಿದ, ಮತ್ತೆ ಜೋಡಿಸಿದ. ಕೊನೆಗೆ ಮೊರದಲ್ಲಿ ಒಂದೇ ಒಂದು ಸಾಮಾನು ಉಳಿಯಿತು. ಅದೇ ತಂತಿ ಉಂಗುರ.

“ಅದು ಎಕ್ಸ್‌ಟ್ರಾ ಕಣವ್ವ. ಕಂಪನಿಯೋರು ಒಂದು ಜಾಸ್ತಿ ಹಾಕಿರ್ತಾರೆ.”

ನಿನ್ನೆ ಅಷ್ಟು ಜಿಪುಣತನ ಮಾಡಿದ್ದ ಕಂಪನಿ ಇವತ್ತು ಧಾರಾಳವಾಗಿತ್ತು. ಅನು ಉಂಗುರವನ್ನು ಲಂಗದ ಜೇಬಿಗೆ ಹಾಕಿಕೊಂಡಳು.

ಹಬ್ಬದ ದಿನ ಸ್ಪ್ಯಾನರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಮಲಗಿದವು. ನಾಳೆಯವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ತಾತ ಬಂದರು. ದಾಸಯ್ಯನೂ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದ. ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟದ್ದಾಯಿತು.

ಚಿಕ್ಕಪ್ಪ ಕಿಕ್ ಹೊಡೆದ. ಒಂದು ಸಾವಿರ ಸಲ ಹೊಡೆದಿರಬೇಕು. ಅವನ ಚಪ್ಪಲಿ ಹಾರಿ ಬೆಳ್ಳೂರು ಕ್ರಾಸಿನಲ್ಲಿ ಬಿತ್ತು. ಎಂಜಿನ್ನು ಮಾತ್ರ ಒಮ್ಮೆ ‘ಪುಸ್’ ಎಂದು ಸುಮ್ಮನಾಯಿತು. ಪೆಟ್ರೋಲು ಸರಿಯಿಲ್ಲ ಎಂದ ಚಿಕ್ಕಪ್ಪ. ಆಮೇಲೆ ಗಾಳಿ ಸರಿಯಿಲ್ಲ ಎಂದ. ದಾಸಯ್ಯ ಹಗ್ಗ ಬಿಚ್ಚತೊಡಗಿದ.

ಅನುವಿಗೆ ತಡೆಯಲಾಗಲಿಲ್ಲ. ಜೇಬಿನಿಂದ ಉಂಗುರ ತೆಗೆದು ತಾತನ ಮುಂದೆ ಹಿಡಿದಳು. “ತಾತ, ಜೋಡಿಸ್ದಾಗ ಇದು ಉಳ್ಕಂತು.”

“ಅದು ಎಕ್ಸ್‌ಟ್ರಾ, ಅಪ್ಪ,” ಎಂದ ಚಿಕ್ಕಪ್ಪ.

ತಾತ ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಕಿವಿ ಕೆಂಪಾಯಿತು. ನಿಧಾನವಾಗಿ ಎಲೆಅಡಿಕೆ ಚೀಲ ಬಿಚ್ಚಿದರು. ಎಲೆ ತೆಗೆದರು, ಅಡಿಕೆ ತೆಗೆದರು, ಸುಣ್ಣದ ಡಬ್ಬಿ ತೆಗೆದರು. ಚೀಲದ ತಳದಿಂದ ಕಪ್ಪಾದ ಒಂದು ತಂತಿ ಉಂಗುರ ತೆಗೆದು ಅನುವಿನ ಅಂಗೈಗೆ ಹಾಕಿದರು.

“ಎಂಟು ವರ್ಸದ ಹಿಂದೆ ನಾನೂ ಒಂದ್ಸಲ ಬಿಚ್ಚಿದ್ದೆ,” ಎಂದರು, ನಿಂಬೆಹಣ್ಣಿನ ಕಡೆ ನೋಡುತ್ತ. “ನಂಗೂ ಒಂದು ಎಕ್ಸ್‌ಟ್ರಾ ಉಳ್ಕಂಡಿತ್ತು.”

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ತಾತ ಗಂಟಲು ಸರಿಮಾಡಿಕೊಂಡು, ಹಬ್ಬದ ದಿನ ಕಬ್ಬಿಣವನ್ನು ಮನೆಯಿಂದ ಕಳಿಸುವುದಿಲ್ಲ, ಇಡ್ಲಿ ತಿಂದು ಹೋಗು, ಮುಂದಿನ ವರ್ಷ ನೋಡೋಣ ಎಂದು ದಾಸಯ್ಯನಿಗೆ ಹೇಳಿದರು.

ಅನು ಎರಡೂ ಉಂಗುರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಳು. ಒಂದೇ ಅಳತೆ. ಪಿನ್ನಿಗೆ ಎರಡು ತುದಿ. ಅವು ಎಲ್ಲಿಗೆ ಸೇರಬೇಕು ಎಂದು ಈಗ ಅವಳಿಗೆ ಗೊತ್ತಿತ್ತು. ಎರಡನ್ನೂ ಜೇಬಿಗೆ ಹಾಕಿಕೊಂಡಳು.

ಒಳಗೆ ಹೋಗಿ, ನಾಳೆ ಇಡ್ಲಿ ತಟ್ಟೆ ತನಗೆ ಬೇಕು ಎಂದು ಅಜ್ಜಿಗೆ ಹೇಳಿ ಬಂದಳು.

ಬೈಕನ್ನು ಎಂದಿನಂತೆ ತಳ್ಳಬೇಕಾಯಿತು. ಒಂದು ಕಡೆ ತಾತ, ಒಂದು ಕಡೆ ಚಿಕ್ಕಪ್ಪ, ನಡುವೆ ಅನು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಳ್ಳಿದರು. ನಿಂಬೆಹಣ್ಣು ಪಚಕ್ ಅಂದಿತು.

ಹೆಜ್ಜೆ ಹೆಜ್ಜೆಗೂ ಜೇಬಿನಲ್ಲಿ ಉಂಗುರಗಳು ಕಿಣಿಕಿಣಿ ಎನ್ನುತ್ತಿದ್ದವು. ಸದ್ದು ಇಬ್ಬರಿಗೂ ಕೇಳಿಸದಿರಲಿ ಎಂದು ಅನು ಒಂದು ಕೈಯಿಂದ ಜೇಬನ್ನು ಒತ್ತಿಹಿಡಿದು, ಇನ್ನೊಂದು ಕೈಯಿಂದ ತಳ್ಳಿದಳು.