ಬಜೆ ತರಲು ಹೋದ ತಮಿಳ್‌ಸೆಲ್ವಿ

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಚಿಕ್ಕಪ್ಪ ಸುಬ್ಬರಾಯನ್ ಮತ್ತೆ ತೇಗಿದ. ಲಾಳಿ ನಿಂತಿತು.

“ಒಟ್ಟೆ ಕಲ್ಲಾಗೈತೆ,” ಎಂದು ನರಳಿದ.

ಆಗದೆ ಏನು? ಎಡಪ್ಪಾಡಿಯ ಮದುವೆಯಲ್ಲಿ ಎರಡೆರಡು ಪಂಕ್ತಿಗೆ ಕೂತು ಉಂಡು ಬಂದ ಮಹಾನುಭಾವ. ಅಂದಿನಿಂದ ಮನೆಯವರೆಲ್ಲ ವೈದ್ಯರಾಗಿಬಿಟ್ಟಿದ್ದರು. ಅಪ್ಪ ಓಮ ಅಗಿಸಿದ. ಅಮ್ಮ ಜೀರಿಗೆ ಕಷಾಯ ಕುದಿಸಿದಳು. ಪಕ್ಕದ ಮನೆಯವರು ಫೋನ್ ನೋಡಿ ಒಣಶುಂಠಿ ಎಂದರು. ಚಿಕ್ಕಪ್ಪ ಎಲ್ಲವನ್ನೂ ನುಂಗಿ, ಅದರ ಮೇಲೆ ಮೊಸರನ್ನವನ್ನೂ ಹೊಡೆದ.

ತಮಿಳ್‌ಸೆಲ್ವಿಗೆ ಭಾನುವಾರದ್ದೇ ಚಿಂತೆ. ಸೀರೆ ಮುಗಿದರೆ ಭಾನುವಾರ ಮೆಟ್ಟೂರು ಡ್ಯಾಮ್ ತೋರಿಸುತ್ತೇನೆ ಎಂದು ಚಿಕ್ಕಪ್ಪ ಮಾತು ಕೊಟ್ಟಿದ್ದ. ಸೆರಗು ಇನ್ನೂ ಬಾಕಿ ಇತ್ತು.

ಕೊನೆಗೆ ಕಣ್ಣಮ್ಮಜ್ಜಿ ಬಾಯಿ ಬಿಟ್ಟಳು. “ಸೆಲ್ವಿ, ಓಗಿ ಬಜೆ ತಕ್ಕೊಂಡ್ ಬಾ.”

ಬಜೆ? ಸೆಲ್ವಿ ಆ ಪದ ಕೇಳಿಯೇ ಇರಲಿಲ್ಲ. ಕೇಳೋಣವೆಂದರೆ ಜಂಬ ಅಡ್ಡ ಬಂತು. ಮನೆಯ ಹಿರಿಯರು ಕನ್ನಡ ಆಡಿದರೂ ಅವಳದು ಮನೆಯಲ್ಲೂ ತಮಿಳೇ. ನಿನ್ನೆಯಷ್ಟೇ ಗೆಳತಿ ಇಂದುಜಾಳ ಎದುರು ಅಜ್ಜಿಯ ಕನ್ನಡವನ್ನು ಅಣಕಿಸಿ, ಪಾಪ, ಇವಳಿಗೆ ತಮಿಳೇ ಬರುವುದಿಲ್ಲ ಎಂದು ನಕ್ಕಿದ್ದಳು. ಅಜ್ಜಿ ಅಲ್ಲೇ ನೂಲು ಸುತ್ತುತ್ತಿದ್ದಳು.

ಬೀದಿ ಮೂಲೆಯಲ್ಲಿ ಎಣ್ಣೆ ಚುರುಗುಟ್ಟುತ್ತಿತ್ತು. ಸೆಲ್ವಿಗೆ ತಟ್ಟನೆ ಹೊಳೆಯಿತು. ಸ್ಟೇಷನ್ನನ್ನು ಟೇಸನ್ನು ಮಾಡುವ ಅಜ್ಜಿ ಬಜ್ಜಿಯನ್ನು ಬಜೆ ಮಾಡಿದ್ದಾಳೆ, ಅಷ್ಟೇ.

ಅವಳು ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಹಿಡಿದು ಬಂದಾಗ ಅಜ್ಜಿ ನೀರಿಗೆ ಹೋಗಿದ್ದಳು. ಇದು ಅಜ್ಜಿ ಹೇಳಿದ ಮದ್ದು ಎಂದು ಸೆಲ್ವಿ ಚಿಕ್ಕಪ್ಪನ ಮುಂದಿಟ್ಟಳು.

“ಅವ್ವ ಏಳಿದ್ ಮ್ಯಾಲೆ ಇಲ್ಲ ಅನ್ನಕ್ಕಾಯ್ತದಾ?” ಎಂದು ಚಿಕ್ಕಪ್ಪ ಒಂದೂ ಉಳಿಸದೆ ತಿಂದ. ಹುಟ್ಟಿದಾಗಿನಿಂದ ಅವನು ತಾಯಿಯ ಮಾತು ಅಷ್ಟು ಚೆನ್ನಾಗಿ ಕೇಳಿದ್ದು ಅದೇ ಮೊದಲು.

ಭಾನುವಾರ ಅವನು ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದ. ಮಗ್ಗ ಸುಮ್ಮನಿತ್ತು. ಮೆಟ್ಟೂರು ಬಸ್ಸು ತನ್ನ ಪಾಡಿಗೆ ಹೋಯಿತು. ಮನೆಯವರೆಲ್ಲ ಸೆಲ್ವಿಯನ್ನು ಬಜ್ಜಿ ಡಾಕ್ಟರ್ ಎಂದು ಕರೆದು ನಕ್ಕರು. ಅವಳಿಗೆ ಅಳು ಬಂತು. ಅಜ್ಜಿ ಒಬ್ಬಳೇ ನಗಲಿಲ್ಲ. ಬಜೆ ತರಲು ಅವಳನ್ನೇ ಮತ್ತೆ ಕಳಿಸಿದಳು.

ಸೆಲ್ವಿ ಹೊಸಿಲ ಹತ್ತಿರ ನಿಂತಳು. ಬಜೆ ಅಂದರೇನು ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದಳು.

“ವಸಂಬು, ಕಣ್ಣೇ. ನಾಟ್ಟು ಮರುಂದು ಕಡೈಯಿಲ ಕೇಳು, ಕುಡುಪ್ಪಾಂಗ,” ಎಂದಳು ಅಜ್ಜಿ. ನಾಟಿ ಮದ್ದಿನ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರಂತೆ. ಹೇಳಿದ್ದು ಅಚ್ಚ ತಮಿಳಿನಲ್ಲಿ, ಒಂದೂ ತೊದಲಿಲ್ಲದೆ.

ಎಳೆಮಕ್ಕಳಿಗೆ ತೇಯ್ದು ನೆಕ್ಕಿಸುವ ಆ ಬೇರು, ವಸಂಬು, ಸೆಲ್ವಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಮುಖ ಬಿಸಿಯಾಯಿತು. ತಾನು ಇಂದುಜಾಳ ಎದುರು ನಕ್ಕಾಗಲೂ ಅಜ್ಜಿಗೆ ಒಂದೊಂದು ಮಾತೂ ತಿಳಿದಿತ್ತು. ಏನಾದರೂ ಹೇಳಬೇಕು ಅನ್ನಿಸಿತು. ತಮಿಳಿನಲ್ಲಿ ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು.

“ಓಗಿ ಬತ್ತೀನಜ್ಜಿ,” ಎಂದಳು.